ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ರಸೆಲ್ಸ್‌ನಲ್ಲಿ ಅತಿಥಿಗಳಿಗೊಂದು ಒಳ್ಳೆಯ ಊಟ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಮ್ಮ ಮಗ ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸುತ್ತಿದ್ದಾನೆ. ಬರುವ ಜೂನ್ ತಿಂಗಳ ಮೊದಲ ವಾರದಲ್ಲಿ ನಾನೂ ನಮ್ಮ ಮನೆಯವರೂ ಅಲ್ಲಿಗೆ ಹೋಗಲಿದ್ದೇವೆ. ಮಗನಿಗೆ ನಾಲ್ಕೈದು ವರ್ಷ ದಾರಿ ತೋರಿಸಿದ ಪ್ರಾಧ್ಯಾಪಕರನ್ನೂ ಅವರ ಪತ್ನಿಯನ್ನೂ ಬ್ರಸೆಲ್ಸ್ ನಗರದ ಉತ್ತಮ ದರ್ಜೆಯ ರೆಸ್ಟೋರೆಂಟಿಗೆ ಊಟಕ್ಕೆ ಕರೆಯಬೇಕೆಂಬುದು ನಮ್ಮ ಆಸೆ. ಊಟ ಆ ದೇಶದ್ದೇ ಆಗಿರಬೇಕು, ಇಂಡಿಯನ್ ರೆಸ್ಟೋರೆಂಟ್ ಬೇಡ ಎಂದು ನಿಶ್ಚಯಿಸಿದ್ದೇವೆ. ಮಿಷೆಲಿನ್ ನಕ್ಷತ್ರ ಪಡೆದ ಕಡೆಗೇ ಹೋಗೋಣ ಎಂದು ಮಗ ಹೇಳುತ್ತಾನೆ. ನಾನು ಕೋಳಿ, ಮೀನು ತಿನ್ನುತ್ತೇನೆ. ದನದ ಮಾಂಸ, ಹಂದಿ ಮಾಂಸ ತಿನ್ನುವುದಿಲ್ಲ. ನಮ್ಮ ಮನೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಹಾಲು, ಬೆಣ್ಣೆ, ತುಪ್ಪಕ್ಕೆ ಅಡ್ಡಿಯಿಲ್ಲ. ರೆಸ್ಟೋರೆಂಟನ್ನು ಹೇಗೆ ಆರಿಸಬೇಕು?
— ಓದುಗರೊಬ್ಬರು, ತಿಪಟೂರು

ಉತ್ತರ: ಇಂಥ ಊಟಕ್ಕೆ ಜಾಗ ಹುಡುಕುವವರು ಸಾಮಾನ್ಯವಾಗಿ ಪ್ರಸಿದ್ಧ ರೆಸ್ಟೋರೆಂಟುಗಳ ಹೆಸರುಗಳಿಂದ ಶುರು ಮಾಡುತ್ತಾರೆ. ನೀವು ಮೇಜಿನ ಸುತ್ತ ಕೂರುವ ಐದು ಜನರಿಂದ ಶುರು ಮಾಡಬೇಕೆಂಬುದು ನನ್ನ ಸಲಹೆ. ನಾಲ್ವರಿಗೆ ಒಂದರ ಹಿಂದೊಂದು ತಟ್ಟೆ ಬರುತ್ತಿದ್ದು, ನಿಮ್ಮ ಮನೆಯವರ ಮುಂದೆ ಮಾತ್ರ ಹಸಿ ಎಲೆಗಳ ಸಲಾಡ್ ಇಟ್ಟು ಹೋದರೆ, ಆ ರೆಸ್ಟೋರೆಂಟ್ ಎಷ್ಟೇ ಹೆಸರಾದದ್ದಾಗಿರಲಿ, ಊಟ ಕೆಟ್ಟಂತೆಯೇ ಸರಿ. ಅತಿಥಿಗಳಾಗಿ ಬಂದ ದಂಪತಿಗೂ ಅದು ಮುಜುಗರದ ಸಂಗತಿ. ಮೊಟ್ಟೆಯನ್ನೂ ತಿನ್ನದ ಒಬ್ಬರಿಗೆ ಈ ಅಡುಗೆಮನೆ ಮನಸ್ಸಿಟ್ಟು ಒಂದು ಪೂರ್ತಿ ಊಟವನ್ನು ಮಾಡಿಕೊಡುತ್ತದೆಯೇ ಎಂಬುದು ನಿಮ್ಮ ಆಯ್ಕೆಯ ಮೊದಲ ಪರೀಕ್ಷೆಯಾಗಲಿ. ಇದರಲ್ಲಿ ತೇರ್ಗಡೆಯಾದ ರೆಸ್ಟೋರೆಂಟುಗಳ ನಡುವೆ ಮಾತ್ರ ಅಂದ, ಹೆಸರು, ಬೆಲೆಗಳನ್ನು ಹೋಲಿಸಿ ನೋಡಿ.

ನಕ್ಷತ್ರದ ವಿಷಯದಲ್ಲಿ ನಿಮ್ಮ ಮಗನಿಗಿರುವ ಉತ್ಸಾಹ ನನಗೆ ಅರ್ಥವಾಗುತ್ತದೆ. ಬೆಲ್ಜಿಯಂಗೂ, ಒಳ್ಳೆಯ ರೆಸ್ಟೋರೆಂಟುಗಳಿಗೆ ಒಂದರಿಂದ ಮೂರರವರೆಗೆ ನಕ್ಷತ್ರ ಕೊಡುವ ಮಿಷೆಲಿನ್ ಕೈಪಿಡಿಗೂ ಹಳೆಯ ನಂಟು. ಟೈರ್ ತಯಾರಿಸುವ ಮಿಷೆಲಿನ್ ಕಂಪನಿ 1900ರಲ್ಲಿ ಫ್ರಾನ್ಸ್‌ನಲ್ಲಿ ತನ್ನ ಕೈಪಿಡಿಯನ್ನು ಮೊದಲು ಹೊರತಂದ ನಾಲ್ಕು ವರ್ಷಗಳಲ್ಲೇ, ಅಂದರೆ 1904ರಲ್ಲಿ, ಬೆಲ್ಜಿಯಂಗೆ ಬೇರೆಯದೇ ಕೈಪಿಡಿ ಬಂತು. ಫ್ರಾನ್ಸ್‌ನ ಹೊರಗೆ ಮೂರು ನಕ್ಷತ್ರಗಳನ್ನು ಮೊದಲು ಗಳಿಸಿದ್ದು ಕೂಡ ಬ್ರಸೆಲ್ಸ್‌ನ ‘ವಿಲ್ಲಾ ಲೊರೇನ್’, 1972ರಲ್ಲಿ. 1926ರಲ್ಲಿ ಆರಂಭವಾದ ‘ಕಾಮ್ ಶೇ ಸ್ವಾ’ ಎಂಬ ಮನೆತನದ ರೆಸ್ಟೋರೆಂಟ್ 1979ರಲ್ಲಿ ಮೂರನೆಯ ನಕ್ಷತ್ರ ಪಡೆದು ಕಾಲು ಶತಮಾನಕ್ಕೂ ಹೆಚ್ಚು ಕಾಲ ಅದನ್ನು ಉಳಿಸಿಕೊಂಡಿತ್ತು, ಆಮೇಲೆ ಆ ನಕ್ಷತ್ರ ಕೈತಪ್ಪಿತು. ನಕ್ಷತ್ರಗಳನ್ನು ವರ್ಷ ವರ್ಷವೂ ಹೊಸದಾಗಿ ತೂಗಿ ನೋಡುವುದರಿಂದ, ಯಾರೋ ಮೂರು ವರ್ಷದ ಹಿಂದೆ ಹೇಳಿದ ಮಾತನ್ನು ನೆಚ್ಚದೆ ಈ ವರ್ಷದ ಪಟ್ಟಿಯನ್ನೇ ನೋಡಬೇಕು. ಇನ್ನೊಂದು ಮುಖ್ಯ ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ನಕ್ಷತ್ರವನ್ನು ಕೊಡುವುದು ತಟ್ಟೆಯಲ್ಲಿರುವ ಅಡುಗೆಗೆ ಮಾತ್ರ: ಪದಾರ್ಥಗಳ ಗುಣ, ಬಾಣಸಿಗರ ಕೈಚಳಕ, ರುಚಿಗಳ ಹೊಂದಾಣಿಕೆ, ಅಡುಗೆಯಲ್ಲಿ ಕಾಣುವ ಅವರ ಸ್ವಂತಿಕೆ, ಪ್ರತಿ ಸಲವೂ ಒಂದೇ ಮಟ್ಟ. ಕುರ್ಚಿ ಎಷ್ಟು ಹಿತವಾಗಿದೆ, ಸದ್ದು ಎಷ್ಟಿದೆ, ಬಡಿಸುವವರು ಹಿರಿಯರನ್ನು ಹೇಗೆ ಕಾಣುತ್ತಾರೆ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ನೀವು ಕರೆದಿರುವುದು ಕೃತಜ್ಞತೆಯ ಊಟಕ್ಕೆ, ಅಲ್ಲಿ ನಾಲ್ಕು ಮಾತಾಡಬೇಕು. ಹಾಗಾಗಿ ಲೆಕ್ಕಕ್ಕೆ ಬಾರದ ಇವೇ ನಿಮಗೆ ಹೆಚ್ಚು ಬೇಕಾದವು.

ನಕ್ಷತ್ರವುಳ್ಳ ಹಲವು ಕಡೆ ಊಟವೆಂದರೆ ಬಾಣಸಿಗರು ನಿಗದಿ ಮಾಡಿದ ಐದರಿಂದ ಎಂಟು ಸಣ್ಣ ತಟ್ಟೆಗಳ ಸಾಲು, ಮೂರು ಗಂಟೆಗೂ ಮೀರಿದ ಕೂಟ. ಆ ಸಾಲಿನಲ್ಲಿ ಒಂದು ತಟ್ಟೆಯನ್ನು ಬದಲಾಯಿಸುವುದೇ ಅವರಿಗೆ ಕಷ್ಟವಾದರೆ, ಒಬ್ಬರಿಗೆ ಇಡೀ ಸಾಲನ್ನೇ ಬದಲಾಯಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕೆಲವರು ಮೊದಲೇ ಆಗುವುದಿಲ್ಲವೆಂದು ನೇರವಾಗಿ ಹೇಳಿಬಿಡುತ್ತಾರೆ. ಇದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಅಂತಸ್ತಿನಲ್ಲಿ ಏನೂ ಕಡಿಮೆಯಿಲ್ಲದ ಹಳೆಯ ಬ್ರಾಸರಿಗಳಿವೆ. ಬ್ರಾಸರಿ ಎಂದರೆ ಎತ್ತರದ ಚಾವಣಿ, ಬಿಳಿ ಹಾಸಿನ ಮೇಜುಗಳು, ಕಪ್ಪು ಉಡುಪಿನ ಬಡಿಸುವವರು ಇರುವ, ಪಟ್ಟಿಯಲ್ಲಿ ಹತ್ತಾರು ತಿನಿಸುಗಳಿದ್ದು ಅವರವರಿಗೆ ಬೇಕಾದದ್ದನ್ನು ಬೇರೆ ಬೇರೆಯಾಗಿ ಹೇಳಿಕೊಳ್ಳುವ ರೆಸ್ಟೋರೆಂಟ್. ನಿಮ್ಮಂಥ ಬೆರಕೆ ಪಂಕ್ತಿಗೆ ಈ ಏರ್ಪಾಡು ಚೆನ್ನಾಗಿ ಒಗ್ಗುತ್ತದೆ. ಗ್ರಾಂ ಪ್ಲಾಸ್ ಚೌಕದ ಹತ್ತಿರ ರೂ ದೆ ಬೂಶೆ ಎಂಬ ಇಕ್ಕಟ್ಟಾದ ಬೀದಿಯಲ್ಲಿರುವ ‘ಓಝ್ ಆರ್ಮ್ ದ ಬ್ರುಸೆಲ್’ 1921ರಷ್ಟು ಹಳೆಯದು, ನಾಡಿನ ಅಡುಗೆಗೇ ಹೆಸರಾದದ್ದು. ಅದೇ ಬೀದಿಯಲ್ಲಿ ಮಂಜುಗಡ್ಡೆಯ ಮೇಲೆ ಮೀನು, ಸಿಗಡಿಗಳನ್ನು ಹರಡಿಟ್ಟು, ಬಾಗಿಲಲ್ಲಿ ನಿಂತು ಪ್ರವಾಸಿಗರನ್ನು ಕರೆಯುವ ಅಂಗಡಿಗಳೂ ಸಾಲಾಗಿವೆ. ಬಾಗಿಲಲ್ಲಿ ನಿಂತು ಕರೆಯುವ ಯಾವ ಕಡೆಗೂ ಅತಿಥಿಗಳನ್ನು ಕರೆದೊಯ್ಯಬೇಡಿ. ಆ ಊರಿನವರು ಅಲ್ಲಿ ಊಟ ಮಾಡುವುದಿಲ್ಲವೆಂಬುದು ನಿಮ್ಮ ಪ್ರಾಧ್ಯಾಪಕರಿಗೆ ಗೊತ್ತಿರುತ್ತದೆ.

ಈಗ ಅಡುಗೆಯ ಒಳಗಿನ ಮಾತಿಗೆ ಬರೋಣ, ಏಕೆಂದರೆ ಬೆಲ್ಜಿಯಂ ಅಡುಗೆಯಲ್ಲಿ ಕಣ್ಣಿಗೆ ಸಸ್ಯಾಹಾರವಾಗಿ ಕಂಡು ಒಳಗೆ ಬೇರೆಯಾಗಿರುವ ಪದಾರ್ಥಗಳು ಬಹಳ. ಅದರಲ್ಲಿ ಮೊದಲನೆಯದು ಆ ದೇಶವೇ ಹೆಮ್ಮೆಪಡುವ ಆಲೂಗಡ್ಡೆಯ ಫ್ರೈಸ್. ದಪ್ಪನಾಗಿ ಹೆಚ್ಚಿದ ಆಲೂಗಡ್ಡೆಯನ್ನು ಮೊದಲು ಸುಮಾರು 150 ಡಿಗ್ರಿ ಬಿಸಿಯಲ್ಲಿ ಬೇಯುವಷ್ಟು ಕರಿದು, ಆರಲು ಬಿಟ್ಟು, ಆಮೇಲೆ ಸುಮಾರು 180 ಡಿಗ್ರಿಯಲ್ಲಿ ಮತ್ತೆ ಕರಿದು ಗರಿಗರಿ ಮಾಡುತ್ತಾರೆ. ಸಂಪ್ರದಾಯದ ಪ್ರಕಾರ ಕರಿಯುವುದು ದನದ ಕೊಬ್ಬಿನಲ್ಲಿ. ಈಚೆಗೆ ಎಣ್ಣೆ ಬಳಸುವವರೂ ಸಾಕಷ್ಟಿದ್ದಾರೆ, ಆದರೆ ಕೇಳದೆ ತಿಳಿಯುವ ಬಗೆಯಿಲ್ಲ, ಮತ್ತು ಒಳ್ಳೆಯ ರೆಸ್ಟೋರೆಂಟುಗಳಲ್ಲೇ ಹಳೆಯ ಕ್ರಮವನ್ನು ಪಟ್ಟು ಹಿಡಿದು ಪಾಲಿಸುವವರು ಸಿಗುತ್ತಾರೆ. ಇದು ನಿಮಗೂ ಅನ್ವಯಿಸುವ ಮಾತು, ನಿಮ್ಮ ಮನೆಯವರಿಗೆ ಮಾತ್ರವಲ್ಲ. ಚೀಸ್ ತುಂಬಿ ಕರಿದ ಕ್ರೊಕೆಟ್ ಎಂಬ ಉಂಡೆಗಳ ಕತೆಯೂ ಇಷ್ಟೇ; ಸಿಗಡಿಯ ಕ್ರೊಕೆಟ್ ಕರಿದ ಬಾಂಡಲಿಯಲ್ಲೇ ಅವನ್ನೂ ಕರಿಯುವುದುಂಟು, ಹೊರಗಿನ ಪುಡಿ ಅಂಟಲು ಮೊಟ್ಟೆಯನ್ನೂ ಸವರಿರುತ್ತಾರೆ. ತರಕಾರಿ ಸೂಪಿಗೆ ಕೋಳಿಯ ಅಥವಾ ದನದ ಮೂಳೆ ಬೇಯಿಸಿದ ಕಟ್ಟು ಹಾಕುವುದು ಅಲ್ಲಿನ ವಾಡಿಕೆ. ಬಹುಪಾಲು ಹಳೆಯ ಬಗೆಯ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಮೂಸ್‌ನಂಥ ಮೆತ್ತನೆಯ ಸಿಹಿಗಳಲ್ಲಿ ಹಸಿ ಮೊಟ್ಟೆ ಇರುತ್ತದೆ, ಕೆಲವದರಲ್ಲಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ. ಯುರೋಪಿನ ಒಕ್ಕೂಟದ ಕಾನೂನು 2014ರ ಡಿಸೆಂಬರಿನಿಂದ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ಕೊಡಬೇಕೆಂದು ವಿಧಿಸಿದೆ. ಮೊಟ್ಟೆ, ಹಾಲು, ಮೀನು, ಸಿಗಡಿ ಜಾತಿ ಅದರಲ್ಲಿ ಸೇರಿವೆ. ಮಾಂಸ, ಕೊಬ್ಬು, ರೆನೆಟ್, ಜೆಲಟಿನ್ ಆ 14ರಲ್ಲಿ ಇಲ್ಲ. ಆದ್ದರಿಂದ ಮೊಟ್ಟೆಯ ಬಗ್ಗೆ ಖಚಿತ ಉತ್ತರ ಸುಲಭವಾಗಿ ಸಿಗುತ್ತದೆ, ಕೊಬ್ಬಿನ ಬಗ್ಗೆ ನೀವೇ ಬಿಡಿಸಿ ಕೇಳಬೇಕಾಗುತ್ತದೆ.

ನಿಮಗಾಗಿ ನಾನು ಒಂದೇ ತಿನಿಸನ್ನು ಹೇಳಬೇಕಾದರೆ ವಾಟರ್‌ಜೋಯಿ ಎನ್ನುತ್ತೇನೆ. ಇದು ಗೆಂಟ್ ನಗರದ್ದು. ಮೊದಲು ಮೀನಿನಲ್ಲಿ ಮಾಡುತ್ತಿದ್ದುದು, ಈಗ ಕೋಳಿಯದೇ ಹೆಚ್ಚು ಪ್ರಚಾರದಲ್ಲಿದೆ. ಲೀಕ್ (ಈರುಳ್ಳಿ ಜಾತಿಯ ತರಕಾರಿ), ಕ್ಯಾರೆಟ್, ಸೆಲರಿ, ಆಲೂಗಡ್ಡೆಗಳನ್ನು ಕೋಳಿಯ ಕಟ್ಟಿನಲ್ಲಿ ಬೇಯಿಸಿ, ಕೆನೆ ಮತ್ತು ಮೊಟ್ಟೆಯ ಹಳದಿ ಸೇರಿಸಿ ಗಟ್ಟಿ ಮಾಡುವ ಈ ಸಾರು ಖಾರವಿಲ್ಲದಿದ್ದರೂ ಸಪ್ಪೆಯಲ್ಲ. ಬೆಣ್ಣೆಯಲ್ಲಿ ಬೇಯಿಸಿದ ಸೋಲ್ ಮೀನು ಕೂಡ ಹಿಂಜರಿಯದೆ ತಿನ್ನಬಹುದಾದದ್ದು. ಕಾರ್ಬೊನಾದ್ ಎಂಬುದು ಬಿಯರಿನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಫಿಲೆ ಅಮೆರಿಕೆನ್ ಎಂಬುದು ಬೇಯಿಸದ ದನದ ಮಾಂಸವನ್ನೇ ಅರೆದು ಮಸಾಲೆ ಕೂಡಿಸಿದ್ದು, ಹೆಸರಿನಿಂದ ಮೋಸಹೋಗಬೇಡಿ. ವೊಲೊವಾಂ ಎಂಬ ಪಫ್ ಬಟ್ಟಲಿನಲ್ಲಿ ಕೋಳಿ ಮತ್ತು ಅಣಬೆ ಇರುತ್ತವೆಯಾದರೂ, ಜೊತೆಗೆ ಬೇರೆ ಮಾಂಸದ ಪುಟ್ಟ ಉಂಡೆಗಳನ್ನು ಹಾಕುವ ರೂಢಿಯಿದೆ, ಕೇಳಿಯೇ ಹೇಳಿ. ನೀಲಿ ಚಿಪ್ಪಿನ ಮಸ್ಸೆಲ್ ಬಗ್ಗೆ ಅಲ್ಲಿ ಎಲ್ಲರೂ ಮಾತಾಡುತ್ತಾರೆ. ಅದರ ಹೊಸ ಸುಗ್ಗಿ ಬರುವುದು ಜುಲೈ ಹೊತ್ತಿಗೆ, ಜೂನ್ ಮೊದಲ ವಾರದಲ್ಲಿ ಅದನ್ನು ಬಯಸಬೇಕಿಲ್ಲ.

ಜೂನ್ ಮೊದಲ ವಾರ ಎಂದದ್ದು ನಿಮ್ಮ ಮನೆಯವರ ಮಟ್ಟಿಗೆ ಒಳ್ಳೆಯದಾಯಿತು. ಏಪ್ರಿಲಿನಿಂದ ಜೂನ್ ಮೂರನೆಯ ವಾರದವರೆಗೆ ಅಲ್ಲಿ ಬಿಳಿ ಶತಾವರಿಯ (ಆಸ್ಪರಾಗಸ್ ಎಂಬ ತರಕಾರಿಯ) ಕಾಲ. ಮಣ್ಣನ್ನು ಏರಿ ಮಾಡಿ, ಚಿಗುರಿಗೆ ಬಿಸಿಲು ತಾಗದಂತೆ ಬೆಳೆಯುವ ಈ ಎಳೆಯ ಕಾಂಡಗಳನ್ನು ಆ ನಾಡಿನವರು ವರ್ಷವಿಡೀ ಕಾದು ತಿನ್ನುತ್ತಾರೆ, ದೊಡ್ಡ ರೆಸ್ಟೋರೆಂಟುಗಳೆಲ್ಲ ಆ ವಾರಗಳಲ್ಲಿ ಅದಕ್ಕೆ ವಿಶೇಷ ಸ್ಥಾನ ಕೊಡುತ್ತವೆ. ಫ್ಲೆಮಿಶ್, ಅಂದರೆ ಬೆಲ್ಜಿಯಂನ ಉತ್ತರ ಭಾಗದ ಪದ್ಧತಿಯಲ್ಲಿ ಅದರ ಮೇಲೆ ಕರಗಿಸಿದ ಬೆಣ್ಣೆ, ಪಾರ್ಸ್ಲಿ ಮತ್ತು ಪುಡಿ ಮಾಡಿದ ಬೇಯಿಸಿದ ಮೊಟ್ಟೆ ಹಾಕುತ್ತಾರೆ. ಮೊಟ್ಟೆ ಬೇಡವೆಂದು ಹೇಳುವುದು ಬಹಳ ಸುಲಭ, ಉಳಿದದ್ದರಲ್ಲಿ ಕೊರತೆಯೂ ಕಾಣುವುದಿಲ್ಲ. ಬ್ರಸೆಲ್ಸ್ ಸುತ್ತಮುತ್ತ 19ನೇ ಶತಮಾನದಲ್ಲಿ ರೂಪುಗೊಂಡ ವಿಟ್‌ಲೋಫ್ ಎಂಬ ಸೊಪ್ಪಿನ ಮೊಗ್ಗು ಇನ್ನೊಂದು. ಬೇರನ್ನು ಹೊಲದಿಂದ ಕಿತ್ತು ತಂದು ಕತ್ತಲೆಯಲ್ಲಿ ಮತ್ತೆ ಚಿಗುರಿಸುವುದರಿಂದ ಎಲೆ ಬೆಳ್ಳಗೆ, ಬಿಗಿಯಾಗಿ, ನವಿರಾದ ಕಹಿಯೊಂದಿಗೆ ಬರುತ್ತದೆ. ಇದನ್ನು ಹಂದಿ ಮಾಂಸದ ಹಾಳೆಯಲ್ಲಿ ಸುತ್ತಿ ಚೀಸ್ ಸುರಿದು ಬೇಯಿಸುವುದು ಮನೆಮನೆಯ ಕ್ರಮವಾದರೂ, ಮಾಂಸವಿಲ್ಲದೆ ಬೆಣ್ಣೆಯಲ್ಲಿ ಕೆಂಪಗೆ ಹುರಿದು ಕೊಡಿ ಎಂದರೆ ಯಾವ ಒಳ್ಳೆಯ ಬಾಣಸಿಗರೂ ಕೊಡುತ್ತಾರೆ. ಇನ್ನು ಸ್ಟುಂಪ್: ಆಲೂಗಡ್ಡೆಯನ್ನು ಲೀಕ್, ಕ್ಯಾರೆಟ್ ಅಥವಾ ಪಾಲಕ್ ಜೊತೆ ಬೆಣ್ಣೆ, ಹಾಲು ಹಾಕಿ ಮಸೆದ, ಮುದ್ದೆಯಷ್ಟೇ ಹೊಟ್ಟೆ ತುಂಬಿಸುವ ತಿನಿಸು. ಅದರಲ್ಲಿ ಹಂದಿ ಮಾಂಸದ ಚೂರುಗಳಿಲ್ಲವೆಂದು ಖಚಿತ ಮಾಡಿಕೊಂಡರೆ ಸಾಕು. ಕೊನೆಗೆ ಹಣ್ಣು, ಅಥವಾ ಮೊಟ್ಟೆಯ ಬಿಳಿ ಬಳಸದ ಸೊರ್ಬೆ, ಅಂದರೆ ಹಣ್ಣಿನ ರಸವನ್ನು ಹೆಪ್ಪುಗಟ್ಟಿಸಿದ ಸಿಹಿ. ಇಷ್ಟನ್ನು ಒಂದಾದ ಮೇಲೊಂದು ಬಡಿಸಿದರೆ ಅದು ಬೆಲ್ಜಿಯಂ ಊಟವೇ, ಸೋತು ಒಪ್ಪಿಕೊಂಡ ಊಟವಲ್ಲ.

ಆದರೆ ಇದೆಲ್ಲವೂ ಮೇಜಿನ ಮುಂದೆ ಕುಳಿತ ಮೇಲೆ ಹೇಳಿದರೆ ಆಗುವುದಿಲ್ಲ. ಮೂರು ವಾರ ಮೊದಲೇ ಇಮೇಲ್ ಬರೆಯಬೇಕು. ಯುರೋಪಿನಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ತಿನ್ನುವವರೆಂದೇ ಅರ್ಥ. ಕೆಲವು ಕಡೆ ಮೀನಾದರೂ ಆಗಬಹುದಲ್ಲವೇ ಎಂದು ಕೇಳುವವರೂ ಇದ್ದಾರೆ. ಆದ್ದರಿಂದ ಮಗನ ಕೈಯಲ್ಲಿ ಹೀಗೆ ಬರೆಸಿ: ಐವರಲ್ಲಿ ಒಬ್ಬರು ವೀಗನ್ (ಪ್ರಾಣಿಗಳಿಂದ ಬಂದ ಏನೂ ಇಲ್ಲದ) ಊಟ ಮಾಡುವವರು, ಅವರಿಗೆ ಹಾಲಿನ ಪದಾರ್ಥಗಳು ಮಾತ್ರ ಅಡ್ಡಿಯಿಲ್ಲ, ಹಾಲು, ಬೆಣ್ಣೆ, ಕೆನೆ, ಮೊಸರು ಆಗುತ್ತದೆ, ಮಾಂಸ, ಮೀನು, ಮೊಟ್ಟೆ, ಮಾಂಸದ ಕಟ್ಟು, ಪ್ರಾಣಿಯ ಕೊಬ್ಬು, ಜೆಲಟಿನ್ ಆಗುವುದಿಲ್ಲ, ಇನ್ನೊಬ್ಬರು ಕೋಳಿ, ಮೀನು ತಿನ್ನುತ್ತಾರೆ, ದನ ಮತ್ತು ಹಂದಿಯ ಮಾಂಸವಾಗಲಿ ಕೊಬ್ಬಾಗಲಿ ಆಗುವುದಿಲ್ಲ, ಅಂದು ನೀವು ಏನೇನು ಕೊಡಬಲ್ಲಿರಿ ಎಂದು ದಯವಿಟ್ಟು ತಿಳಿಸಿ. ಅವರು ಬರೆಯುವ ಉತ್ತರವೇ ರೆಸ್ಟೋರೆಂಟನ್ನು ಅಳೆಯುವ ಅತ್ಯುತ್ತಮ ಅಳತೆಗೋಲು. ಬಾಣಸಿಗರನ್ನು ಕೇಳಿ ಇಂಥಿಂಥ ಮೂರು ತಿನಿಸು ಮಾಡಬಲ್ಲೆವು ಎಂದು ಬರೆದವರನ್ನು ಆರಿಸಿ. ಏನೂ ತೊಂದರೆಯಿಲ್ಲ, ಬನ್ನಿ ಎಂದಷ್ಟೇ ಒಂದು ಸಾಲಿನಲ್ಲಿ ಬರೆದವರನ್ನು ಬಿಡಿ, ಅವರು ಎಷ್ಟೇ ಪ್ರಸಿದ್ಧರಾಗಿರಲಿ. ಒಪ್ಪಿಗೆಯ ಉತ್ತರವನ್ನು ಮುದ್ರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂದು ಬಡಿಸುವವರಿಗೆ ತೋರಿಸಿ.

ನಿಮ್ಮ ಮಗನ ನಕ್ಷತ್ರದ ಆಸೆಯನ್ನು ಉಳಿಸಿಕೊಳ್ಳಲೇಬೇಕೆಂದಿದ್ದರೆ ಬ್ರಸೆಲ್ಸ್‌ನ ಇಕ್ಸೆಲ್ ಬಡಾವಣೆಯಲ್ಲಿ ‘ಹ್ಯೂಮಸ್ ಹೊರ್ತಾನ್ಸ್’ ಇದೆ. ಅಲ್ಲಿ ಊಟವೆಲ್ಲ ಸಸ್ಯಗಳಿಂದಲೇ ಆದದ್ದು, ಆ ನಾಡಿನ ಹೊಲಗಳ ತರಕಾರಿಯೇ ಅವರ ಕಾಳಜಿ, ಮಿಷೆಲಿನ್ ನಕ್ಷತ್ರವನ್ನೂ ಪರಿಸರ ಕಾಳಜಿಗಾಗಿ ಕೊಡುವ ಹಸಿರು ನಕ್ಷತ್ರವನ್ನೂ ಅದು ಪಡೆದಿದೆ. ನಿಮ್ಮ ಮನೆಯವರು ಅಲ್ಲಿ ಯಾರನ್ನೂ ಏನನ್ನೂ ಕೇಳದೆ ಪೂರ್ತಿ ಊಟ ಮಾಡಬಹುದು. ಪ್ರಾಧ್ಯಾಪಕ ದಂಪತಿಗೆ ಮಾಂಸವಿಲ್ಲದ ಊಟ ಒಪ್ಪಿಗೆಯೇ ಎಂದು ಮಗ ಮೊದಲು ಕೇಳಿ ತಿಳಿಯಲಿ. ಗೆಂಟ್ ನಗರವನ್ನೂ ಮರೆಯಬೇಡಿ. ಬ್ರಸೆಲ್ಸ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲುಪುವ ಆ ಊರು 2009ರಲ್ಲಿ ಗುರುವಾರವನ್ನು ಮಾಂಸವಿಲ್ಲದ ದಿನವೆಂದು ಸಾರಿತು. ವಾಟರ್‌ಜೋಯಿ ಹುಟ್ಟಿದ್ದೂ ಅಲ್ಲೇ, ಹಾಗಾಗಿ ನಿಮ್ಮಿಬ್ಬರ ಊಟವೂ ಒಂದೇ ಊರಿನಲ್ಲಿ ಸಿಕ್ಕಂತಾಗುತ್ತದೆ. ಆಂಟ್ವರ್ಪ್‌ನಲ್ಲಿ ವಜ್ರದ ವ್ಯಾಪಾರದ ಗುಜರಾತಿ ಜೈನ ಕುಟುಂಬಗಳು ದಶಕಗಳಿಂದ ನೆಲೆಸಿವೆ, ವಿಲ್ರೈಕ್ ಎಂಬಲ್ಲಿ ಅವರ ಅಮೃತಶಿಲೆಯ ಮಂದಿರವೂ ಇದೆ. ಆದರೆ ನೀವು ಬಯಸಿದ್ದು ಬೆಲ್ಜಿಯಂ ಊಟವನ್ನು, ಹಾಗಾಗಿ ಸಸ್ಯಾಹಾರಕ್ಕೆಂದು ಅತಿಥಿಗಳನ್ನು ಅಲ್ಲಿಗೆ ಕರೆದೊಯ್ಯುವುದು ನನಗೆ ಸರಿಯೆನಿಸುವುದಿಲ್ಲ. ಲ್ಯೂವೆನ್‌ನಿಂದ ಬ್ರಸೆಲ್ಸ್‌ಗೆ ರೈಲಿನಲ್ಲಿ ಅರ್ಧ ಗಂಟೆ ಸಾಕು.

ಹೊತ್ತಿನ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ: ಮಧ್ಯಾಹ್ನವೇ ಕರೆಯಿರಿ. ಬೇಸಿಗೆಯಲ್ಲಿ ನಮ್ಮ ಗಡಿಯಾರ ಅವರದ್ದಕ್ಕಿಂತ ಮೂರೂವರೆ ಗಂಟೆ ಮುಂದಿರುತ್ತದೆ, ಅಂದರೆ ಅವರು ರಾತ್ರಿ ಎಂಟಕ್ಕೆ ಮೊದಲ ತಟ್ಟೆ ತಂದಿಡುವಾಗ ತಿಪಟೂರಿನಲ್ಲಿ ಹನ್ನೊಂದೂವರೆ. ಊರಿನಿಂದ ಬಂದು ನಾಲ್ಕು ದಿನವೂ ಆಗದ ಹಿರಿಯರಿಗೆ ಅಲ್ಲಿಂದ ಮುಂದೆ ಮೂರು ಗಂಟೆ ನಗುಮುಖದಿಂದ ಕೂರುವುದು ದೇಹಕ್ಕೆ ಶಿಕ್ಷೆ. ಮಧ್ಯಾಹ್ನಕ್ಕೆ ಬೇರೆ ಅನುಕೂಲವೂ ಇದೆ. ದೊಡ್ಡ ರೆಸ್ಟೋರೆಂಟುಗಳು ವಾರದ ದಿನಗಳ ಮಧ್ಯಾಹ್ನ ಎರಡು ಮೂರು ತಟ್ಟೆಗಳ ನಿಗದಿತ ಊಟವನ್ನು ರಾತ್ರಿಗಿಂತ ಸಾಕಷ್ಟು ಕಡಿಮೆ ಬೆಲೆಗೆ ಕೊಡುತ್ತವೆ, ಅಡುಗೆಮನೆ ಅದೇ, ಕೈಗಳೂ ಅವೇ. ಹನ್ನೆರಡರಿಂದ ಎರಡರವರೆಗೆ ಮಾತ್ರ ಒಲೆ ಉರಿಯುತ್ತದೆ, ಆದ್ದರಿಂದ ಹನ್ನೆರಡೂವರೆಗೆ ಮೇಜು ಕಾದಿರಿಸಿ, ಹತ್ತು ನಿಮಿಷ ಮೊದಲೇ ಸೇರಿಕೊಳ್ಳಿ. ಭಾನುವಾರ, ಸೋಮವಾರ ಬಹಳಷ್ಟು ಒಳ್ಳೆಯ ರೆಸ್ಟೋರೆಂಟುಗಳು ಮುಚ್ಚಿರುತ್ತವೆ. ಮೇಜು ಕಾದಿರಿಸುವಾಗಲೇ ಮೂಲೆಯ ಮೇಜು ಬೇಕು, ಮಾತಾಡಲು ಅನುಕೂಲವಿರಲಿ ಎಂದು ತಿಳಿಸಿದರೆ ಸಾಧಾರಣವಾಗಿ ಕೊಡುತ್ತಾರೆ.

ಖರ್ಚಿನ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಅಂದಾಜು ಇರಲಿ. ಯೂರೋ ಒಂದಕ್ಕೆ ಸುಮಾರು 100 ರೂಪಾಯಿ ಎಂದು ಹಿಡಿದರೆ, ಅಂತಸ್ತಿನ ಬ್ರಾಸರಿಯಲ್ಲಿ ಮುಖ್ಯ ತಿನಿಸು ಒಂದಕ್ಕೆ 25ರಿಂದ 35 ಯೂರೋ, ಮೊದಲ ತಟ್ಟೆ, ಸಿಹಿ, ಪಾನೀಯ ಎಲ್ಲ ಸೇರಿ ತಲೆಗೆ 60ರಿಂದ 80 ಯೂರೋ ಇಟ್ಟುಕೊಳ್ಳುವುದು ಕ್ಷೇಮ. ನಕ್ಷತ್ರವುಳ್ಳ ಕಡೆ ರಾತ್ರಿಯ ಊಟ ತಲೆಗೆ 150 ಯೂರೋ ದಾಟುವುದು ಸಾಮಾನ್ಯ. ಅಲ್ಲಿ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕೆಂಬ ಕಡ್ಡಾಯವಿಲ್ಲ. ನೀರೆಂದರೆ ಬಾಟಲಿ ತೆರೆದು ಬಿಲ್ಲಿಗೆ ಸೇರಿಸುತ್ತಾರೆ. ತೆರಿಗೆ, ಸೇವಾಶುಲ್ಕ ಪಟ್ಟಿಯ ಬೆಲೆಯಲ್ಲೇ ಅಡಕವಾಗಿರುವುದರಿಂದ ಬೇರೆ ಲೆಕ್ಕವಿಲ್ಲ, ಮೆಚ್ಚಿಕೆಯಾದರೆ ಐದೋ ಹತ್ತೋ ಯೂರೋ ಮೇಜಿನ ಮೇಲೆ ಬಿಡಬಹುದು. ಬಿಲ್ಲನ್ನು ಅತಿಥಿಗಳ ಮುಂದೆ ತರಬೇಡಿ ಎಂದು ಮಗ ಒಳಗೆ ಬರುವಾಗಲೇ ಹೇಳಿ ಕಾರ್ಡ್ ತೋರಿಸಿರಲಿ.

ಪ್ರಶ್ನೆ: ನಮ್ಮ ತಂದೆ ತಾಯಿಯ ಮದುವೆಯಾಗಿ 40 ವರ್ಷ ತುಂಬುತ್ತದೆ. ಅಕ್ಕ ತಂಗಿಯರೆಲ್ಲ ಸೇರಿ ಅವರನ್ನು ಬೆಂಗಳೂರಿಗೆ ಕರೆದೊಯ್ದು, ಇದುವರೆಗೆ ತಿನ್ನದ ಒಂದು ದೇಶದ ಊಟ ಮಾಡಿಸಬೇಕೆಂದಿದ್ದೇವೆ. ಬೆಲ್ಜಿಯನ್ ಎಂದು ಹೆಸರು ಹಾಕಿಕೊಂಡ ಕಡೆ ನಿಜವಾಗಿಯೂ ಆ ಅಡುಗೆ ಇದೆಯೋ ಇಲ್ಲವೋ ಎಂದು ಹೋಗುವ ಮೊದಲೇ ತಿಳಿಯುವುದು ಹೇಗೆ? ನಾವು ಮಾಂಸಾಹಾರಿಗಳು.
— ಓದುಗರೊಬ್ಬರು, ಕೋಲಾರ

ಉತ್ತರ: ಪಟ್ಟಿಯನ್ನು ಫೋನಿನಲ್ಲೇ ತರಿಸಿಕೊಂಡು ಓದಿ. ವಾಫಲ್, ಚಾಕೊಲೇಟ್, ಬಾಟಲಿಯ ಬಿಯರ್ ಬಿಟ್ಟರೆ ಉಳಿದದ್ದೆಲ್ಲ ಪಾಸ್ತಾ, ಪಿಜ್ಜಾ, ಬರ್ಗರ್ ಆಗಿದ್ದರೆ ಅದು ಬೆಲ್ಜಿಯನ್ ಹೆಸರಿನ ಸಿಹಿ ಅಂಗಡಿಯೋ ಬಿಯರ್ ಅಂಗಡಿಯೋ ಆಗಿರುತ್ತದೆ. ಮಕ್ಕಳ ಜೊತೆ ಸಂಜೆ ಹೋಗಿ ಬರಲು ಚೆನ್ನ, 40 ವರ್ಷದ ದಾಂಪತ್ಯದ ಊಟಕ್ಕೆ ಸಾಲದು. ಮೇಲಿನ ಉತ್ತರದಲ್ಲಿ ಹೇಳಿದ ವಾಟರ್‌ಜೋಯಿ, ಸ್ಟುಂಪ್, ಕ್ರೊಕೆಟ್, ವೊಲೊವಾಂ ಇವುಗಳಲ್ಲಿ ಎರಡಾದರೂ ಪಟ್ಟಿಯಲ್ಲಿರಬೇಕು. ಆಮೇಲೆ ಒಬ್ಬರು ಮೊದಲೇ ಹೋಗಿ ಬರಿ ಫ್ರೈಸ್ ತರಿಸಿ ತಿಂದು ನೋಡಿ. ಎರಡು ಸಲ ಕರಿದದ್ದು ಹೊರಗೆ ಮುರಿಯುವಷ್ಟು ಗರಿಗರಿ, ಒಳಗೆ ಹಿಟ್ಟಿನಂತೆ ಮೆದು. ಐದು ನಿಮಿಷ ಕಳೆದರೂ ಬಾಗುವುದಿಲ್ಲ. ಫ್ರಿಜ್ಜಿನ ಚೀಲದಿಂದ ತೆಗೆದು ಒಂದೇ ಸಲ ಕರಿದದ್ದು ತಟ್ಟೆ ತಲುಪುವಷ್ಟರಲ್ಲೇ ಜೋತುಬೀಳುತ್ತದೆ. ಆಲೂಗಡ್ಡೆಯಲ್ಲೇ ಅವಸರ ಮಾಡುವ ಅಡುಗೆಮನೆ ಸಾರಿನಲ್ಲಿ ತಾಳ್ಮೆ ತೋರಿಸುತ್ತದೆಂದು ನಾನು ನಂಬುವುದಿಲ್ಲ.

ಕೋಲಾರದ ಹುಳಿ, ಖಾರ, ಬಸ್ಸಾರಿಗೆ ಒಗ್ಗಿದ ನಾಲಿಗೆಗೆ ಈ ಅಡುಗೆ ಮೊದಲ ತುತ್ತಿನಲ್ಲಿ ಸಪ್ಪೆ ಎನಿಸಬಹುದು. ಹಾಗೆಂದು ಮೆಣಸಿನಪುಡಿ ಸೇರಿಸಿ ಮಾಡಿಕೊಡಿ ಎಂದು ಕೇಳಬೇಡಿ, ಕೆನೆಯ ಸಾರಿಗೆ ಅದು ಕೂಡುವುದಿಲ್ಲ. ಆ ದೇಶದವರೇ ಘಾಟು ಬೇಕಾದಾಗ ನೆಚ್ಚುವುದು ಸಾಸಿವೆಯನ್ನು, ಅದನ್ನು ಮೇಜಿಗೆ ತರಿಸಿಕೊಳ್ಳಿ. ಸಿಪ್ಪೆ ಸುಲಿದ ಟೊಮೇಟೊದ ಒಳಗೆ ಉತ್ತರ ಸಮುದ್ರದ ಪುಟ್ಟ ಬೂದು ಸಿಗಡಿಯನ್ನೂ ಮೇಯೊನೀಸನ್ನೂ ತುಂಬಿ ತಣ್ಣಗೆ ಕೊಡುವ ತಿನಿಸು ಆ ನಾಡಿನ ಬಹು ಮೆಚ್ಚಿನದು. ಟೊಮೇಟೊ ಬೆಳೆಯುವ ಜಿಲ್ಲೆಯವರಾದ ನೀವು ಅದನ್ನು ಮೊದಲು ತರಿಸಬೇಕೆಂದು ಹೇಳುವ ಮನಸ್ಸಾಗುತ್ತದೆ. ಆದರೆ ಆ ಸಿಗಡಿ ತಾಜಾ ಸ್ಥಿತಿಯಲ್ಲಿ ಇಲ್ಲಿಗೆ ಬರುವುದು ಕಷ್ಟ, ಬೇರೆ ಸಿಗಡಿಯಲ್ಲಿ ಮಾಡಿರುತ್ತಾರೆ, ರುಚಿ ಬೇರೆಯಾಗುತ್ತದೆ. ತಂದೆ ತಾಯಿಗೆ ಕೋಳಿಯ ವಾಟರ್‌ಜೋಯಿಯನ್ನೇ ಹೇಳಿ. ಅದಕ್ಕೆ ಬೇಕಾದ ಕೋಳಿ, ತರಕಾರಿ, ಕೆನೆ ಎಲ್ಲವೂ ನಮ್ಮಲ್ಲಿ ತಾಜಾ ಸಿಗುವಂಥವು, ಬಿಸಿ ಸಾರಾದ್ದರಿಂದ ಹಿರಿಯರ ಹೊಟ್ಟೆಗೂ ಹಿತ. ಕೋಲಾರಕ್ಕೆ ಅದೇ ರಾತ್ರಿ ಮರಳುವುದಾದರೆ ಮಧ್ಯಾಹ್ನದ ಊಟವನ್ನೇ ಇಟ್ಟುಕೊಳ್ಳಿ.

ಪ್ರಶ್ನೆ: ರೇಷ್ಮೆ ವ್ಯವಹಾರದ ಸಂಬಂಧ ಬ್ರಸೆಲ್ಸ್‌ಗೆ ಹೋಗುವವನಿದ್ದೇನೆ. ಅಲ್ಲಿನವರು ದೊಡ್ಡ ರೆಸ್ಟೋರೆಂಟಿಗೆ ಕರೆದಿದ್ದಾರೆ. ನಾನು ಮದ್ಯ ಮುಟ್ಟುವುದಿಲ್ಲ. ಬಿಯರ್ ಅವರ ಸಂಸ್ಕೃತಿ ಎನ್ನುತ್ತಾರೆ, ಬೇಡವೆಂದರೆ ಅವಮಾನವಾಗುತ್ತದೆಯೇ?
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಆಗುವುದಿಲ್ಲ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ನಿಜ, ಆದರೆ ಕುಡಿಯದವರನ್ನು ಒತ್ತಾಯಿಸುವುದು ಅಲ್ಲಿನ ರೀತಿಯಲ್ಲ. ಧನ್ಯವಾದ, ನಾನು ಮದ್ಯ ತೆಗೆದುಕೊಳ್ಳುವುದಿಲ್ಲ ಎಂದು ಒಂದು ಸಲ ಹೇಳಿದರೆ ಸಾಕು, ಕಾರಣ ವಿವರಿಸಬೇಕಿಲ್ಲ. ದೊಡ್ಡ ರೆಸ್ಟೋರೆಂಟುಗಳಲ್ಲಿ ಹಣ್ಣು, ಸೊಪ್ಪು, ಚಹಾಗಳಿಂದ ಮಾಡಿದ ಮದ್ಯರಹಿತ ಪಾನೀಯಗಳನ್ನು ಪ್ರತಿ ತಟ್ಟೆಗೂ ಹೊಂದಿಸಿ ಕೊಡುವ ಏರ್ಪಾಡು ಈಗ ಸಾಮಾನ್ಯ. ನೀವು ಗಮನವಿಡಬೇಕಾದದ್ದು ಲೋಟಕ್ಕಿಂತ ಹೆಚ್ಚಾಗಿ ತಟ್ಟೆಯ ಮೇಲೆ. ಅಲ್ಲಿನ ಅಡುಗೆಯಲ್ಲಿ ಬಿಯರ್, ವೈನ್ ಸಲೀಸಾಗಿ ಬೀಳುತ್ತವೆ, ಎಷ್ಟು ಕುದಿಸಿದರೂ ಸ್ವಲ್ಪ ಉಳಿಯುತ್ತದೆ. ಮಸ್ಸೆಲ್‌ಗೆ ಬಿಳಿ ವೈನ್, ಮೊಲದ ಮಾಂಸಕ್ಕೆ ಬಿಯರ್, ಕೆಲವು ಸಿಹಿಗಳಿಗೆ ಲಿಕರ್. ಅಡುಗೆಯಲ್ಲೂ ಬೇಡವೆಂಬುದು ನಿಮ್ಮ ನಿಯಮವಾದರೆ ಕರೆದವರಿಗೆ ಎರಡು ದಿನ ಮೊದಲೇ ತಿಳಿಸಿ, ಅವರೇ ರೆಸ್ಟೋರೆಂಟಿಗೆ ಹೇಳುತ್ತಾರೆ. ಕರೆದವರು ಬಿಲ್ಲು ಕೊಡುವುದು ಅಲ್ಲಿಯೂ ರೂಢಿ. ಅದಕ್ಕಾಗಿ ಎಳೆದಾಡಬೇಡಿ, ಮುಂದಿನ ಊಟಕ್ಕೆ ನೀವು ಕರೆಯಿರಿ.

ಪ್ರಶ್ನೆ: ಬ್ರಸೆಲ್ಸ್‌ನ ರೆಸ್ಟೋರೆಂಟ್ ಒಂದು ಮೇಜು ಕಾದಿರಿಸಲು ಕಾರ್ಡಿನ ವಿವರ ಕೇಳುತ್ತಿದೆ. ಕೊಡಬಹುದೇ?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಕೊಡಬಹುದು, ರೆಸ್ಟೋರೆಂಟಿನ ಸ್ವಂತ ಜಾಲತಾಣದಲ್ಲಿ ತೆರೆಯುವ ಪುಟದಲ್ಲಿ ಮಾತ್ರ, ಇಮೇಲ್‌ನಲ್ಲೋ ವಾಟ್ಸ್‌ಆಪ್‌ನಲ್ಲೋ ಕಾರ್ಡಿನ ಸಂಖ್ಯೆ ಬರೆದು ಕಳಿಸಬೇಡಿ. ಕಾದಿರಿಸಿ ಬಾರದವರಿಂದ ತಲೆಗೆ ಇಷ್ಟೆಂದು ಹಣ ಹಿಡಿಯುವುದಕ್ಕಾಗಿ ಈ ವ್ಯವಸ್ಥೆ, ಎಷ್ಟು ಗಂಟೆ ಮೊದಲು ತಿಳಿಸಿದರೆ ಹಿಡಿಯುವುದಿಲ್ಲ ಎಂಬುದನ್ನು ಅದೇ ಪುಟದಲ್ಲಿ ಬರೆದಿರುತ್ತಾರೆ. ರಿಸರ್ವ್ ಬ್ಯಾಂಕಿನ 2020ರ ಆದೇಶದ ನಂತರ ಕೊಡುವ ನಮ್ಮ ಕಾರ್ಡುಗಳು ಮೊದಲಿಗೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ, ವಿದೇಶಿ ವ್ಯವಹಾರವನ್ನು ಬ್ಯಾಂಕಿನ ಆಪ್‌ನಲ್ಲಿ ನೀವೇ ಆನ್ ಮಾಡಬೇಕು, ಮಿತಿಯನ್ನೂ ಹಾಕಬಹುದು. ಹೊರಡುವ ಮೊದಲೇ ಇದನ್ನು ಮಾಡಿ. ಒಟಿಪಿ ಬರುವ ಸಿಮ್ ಅಲ್ಲಿಯೂ ಕೆಲಸ ಮಾಡುವಂತೆ ರೋಮಿಂಗ್ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಊಟದ ದಿನ ಬದಲಾಯಿಸಬೇಕಾಗಿ ಬಂದಾಗ ಆ ಪುಟ ಮತ್ತೆ ಕಾರ್ಡನ್ನು ದೃಢಪಡಿಸಲು ಕೇಳಿದರೆ ತೊಡಕಾಗುತ್ತದೆ.